ತಳಕ್ಕೆ ಉದುರಿದ ಮೊಟ್ಟೆ

"ಈ ನೀರು ಇಳಿಸಿದ ಪುಣ್ಯಾತ್ಮ ಯಾರು?"

ಸೊಸೆ ಕೇಳಿದ್ದು ಯಾರನ್ನೂ ಅಲ್ಲ. ಮೀನು ಸಾಕುವ ಶೆಡ್ಡಿನಲ್ಲಿ ಅವಳೊಬ್ಬಳೇ. ಎದುರಿಗೆ ಗಾಜಿನ ತೊಟ್ಟಿ, ತೊಟ್ಟಿಯೊಳಗೆ ಅವಳೇ ಮರಿಯಿಂದ ಸಾಕಿದ ಒಂದು ಜೋಡಿ ಕಡಲಕುದುರೆ. ನಿನ್ನೆ ಸಂಜೆ ಅಂಚಿನವರೆಗೆ ತುಂಬಿಟ್ಟುಹೋಗಿದ್ದ ಉಪ್ಪುನೀರು ಅರ್ಧಕ್ಕೆ ಇಳಿದಿತ್ತು.

ಅವಳು ಬಕೆಟ್ಟಿಗೆ ಕೈಹಾಕುವಷ್ಟರಲ್ಲಿ ಜೋಡಿ ಕೂಡಿಬಿಟ್ಟಿತು. ಹೆಣ್ಣಿನ ಒಳಗೆ ಮೊಟ್ಟೆ ಬಲಿತಿತ್ತು. ಇನ್ನು ತಡೆದಿಡುವುದು ಅದರ ವಶದಲ್ಲಿರಲಿಲ್ಲ. ಗಂಡು ಮೈಬಣ್ಣ ತಿಳಿಮಾಡಿಕೊಂಡು ಬಂತು. ಬಾಲಕ್ಕೆ ಬಾಲ ಸುತ್ತಿ, ಎದೆಗೆ ಎದೆ ತಾಗಿಸಿ, ಎರಡೂ ಮೆಲ್ಲಮೆಲ್ಲಗೆ ಮೇಲೆದ್ದವು. ಹಾಗೆ ಏಳುತ್ತಲೇ ಹೆಣ್ಣು ತನ್ನ ಮೊಟ್ಟೆಯನ್ನು ಗಂಡಿನ ಹೊಟ್ಟೆಚೀಲಕ್ಕೆ ಸುರಿಯಬೇಕು. ಈ ಜೀವಿಯಲ್ಲಿ ಹೊರುವವನೂ ಗಂಡು, ಹೆರುವವನೂ ಗಂಡು. ಚೀಲದ ಬಾಯಿ ತೆರೆದಿರುವುದು ಒಂದೆರಡು ಉಸಿರಿನಷ್ಟು ಹೊತ್ತು ಮಾತ್ರ. ಗಂಡಿನ ವೀರ್ಯವೋ, ಚೀಲದ ಹೊರಗೆ ಬೀಳುತ್ತದೆ. ಬಾಯಿ ಮುಚ್ಚುವುದರೊಳಗೆ ಎರಡೂ ಒಳಸೇರಿದರೆ ಬಸಿರು. ಇಲ್ಲವಾದರೆ ಎಲ್ಲ ನೀರುಪಾಲು.

ಏಳುವುದಕ್ಕೆ ಎತ್ತರ ಬೇಕು. ಎತ್ತರವಿರಲಿಲ್ಲ. ನೀರಿನ ಮೇಲ್ಮೈಗೆ ತಲೆ ತಾಗಿ ಜೋಡಿ ಬೇರೆಯಾಯಿತು. ಕಿತ್ತಳೆ ಬಣ್ಣದ ಮೊಟ್ಟೆಗಳು ತಳದ ಮರಳಿಗೆ ಉದುರಿದವು.

"ನಾನೇ ಅತ್ತಿಗೆ ಇಳಿಸಿದ್ದು," ಎಂದು ಬಾಗಿಲಿಂದ ರಾಗ ಬಂತು. ಮೈದುನ. ಏನು ಕೇಳಿದರೂ ಕುಂಯ್ ಎಂದು ಎಳೆಯುತ್ತಿದ್ದವನಿಗೆ ಮನೆಮಂದಿಯೆಲ್ಲ ಇಟ್ಟ ಹೆಸರು ಪಿಟೀಲು. "ತಳ ಉಜ್ಜೋಕೆ ಹೋದ್ರೆ ತೋಳೆಲ್ಲ ನೆನೆಯುತ್ತೆ. ಅದಕ್ಕೇನೀಗ?"

"ಉಜ್ಜಿದ್ಯಾ?"

"ಇವತ್ತು ಉಜ್ಜೋಣ ಅಂತಿದ್ದೆ."

"ನಿನ್ನ ತೋಳು ನೆನೀಬಾರದು ಅಂತ ಒಂದು ಸಂಸಾರ ಮುಳುಗಿಸಿದೆ."

"ಮೀನಿಗೂ ಸಂಸಾರ! ಹೋಗಿ, ಬಾಣಂತನಕ್ಕೆ ಹಾಸಿಗೆ ಹಾಸಿ."

ಅವನು ಹಲ್ಲುಕಿರಿಯುವುದಕ್ಕೆ ಕಾರಣವಿತ್ತು. ಹೋದ ಸಲದ ಮರಿಗಳು ಒಂದೂ ಉಳಿದಿರಲಿಲ್ಲ. ಈ ಸಲ ಚೀಲ ತುಂಬದಿದ್ದರೆ ಶೆಡ್ಡು ಪಿಟೀಲಿನ ಪಾಲು ಎಂದು ಮಾವ ಊಟಕ್ಕೆ ಕೂತಾಗ ಎಲ್ಲರೆದುರಿಗೇ ಹೇಳಿಬಿಟ್ಟಿದ್ದರು. ಅವಳ ಗಂಡ ತಟ್ಟೆಯಿಂದ ತಲೆಯೆತ್ತಿರಲಿಲ್ಲ.

ಮಾತು ಕೇಳಿಸಿ ಮಾವ ಬಂದರು. ತೊಟ್ಟಿಯ ಮೇಲೆ ಬಗ್ಗಿದರು.

"ಅತ್ತಿಗೆ ಸಾಕಿದ ಕುದುರೆ ಚೀಲಾನೇ ತೆರೀಲಿಲ್ಲ ಅಪ್ಪಾ," ಎಂದ ಪಿಟೀಲು.

"ತೆರೀತು ಮಾವ. ನೀರಿರಲಿಲ್ಲ. ಇಳಿಸಿದ್ದು ಇವನು."

"ಯಾರು ಇಳಿಸಿದ್ದು ಅಂತ ನಾನು ಕೇಳಿದ್ನೇನಮ್ಮ?"

ಮಾವ ಕಪಾಟಿನಿಂದ ಡ್ರಾಪರ್ ತೆಗೆದು ಅವಳತ್ತ ಚಾಚಿದರು.

"ಮೊಟ್ಟೆ ಎಲ್ಲಿಗೂ ಓಡಿಹೋಗಿಲ್ಲವಲ್ಲ. ಹೀರ್ಕೊಂಡು ಗಂಡಿನ ಹೊಟ್ಟೆಗೆ ತುಂಬು."

"ಫಲಿಸಲ್ಲ ಮಾವ. ಚೀಲ ಬಾಯಿ ಮುಚ್ಚಿದೆ. ಬಲವಂತಕ್ಕೆ ಬಿಡಿಸಿದ್ರೆ ಹರಿದುಹೋಗುತ್ತೆ. ನರಳಿ ನರಳಿ ಸಾಯುತ್ತೆ."

"ಫಲಿಸೋದು ಯಾರಿಗೆ ಬೇಕು? ಸಾಕುಮೀನಿನ ಅಂಗಡಿಯವನು ಮಧ್ಯಾಹ್ನ ಜೋಡಿ ನೋಡೋಕೆ ಬರ್ತಾನೆ. ಹೊಟ್ಟೆ ಉಬ್ಬಿರೋದು ಕಂಡರೆ ಸಾಕು, ಕೊಂಡುಹೋಗ್ತಾನೆ. ಆಮೇಲೆ ಸತ್ತರೆ ಅವನ ಮನೇಲಿ ಸಾಯಲಿ."

"ಅಪ್ಪಾ, ಹಾಗಾದ್ರೆ ಶೆಡ್ಡು—"

"ನೀನು ಬಾಯ್ಮುಚ್ಚೋ." ಮಾವನ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು. "ನೋಡಮ್ಮ, ನಿನ್ನ ಕೈ ಹಗುರ. ಇದೊಂದು ಮಾಡಿಕೊಡು. ಶೆಡ್ಡು ನಿನ್ನದೇ. ಇವನನ್ನ ಈ ಕಡೆ ತಲೆಹಾಕೋಕೂ ಬಿಡಲ್ಲ. ಇಲ್ಲ ಅಂದ್ಯೋ, ನಾಳೆಯಿಂದ ಇತ್ತ ಬರಲೇಬೇಡ."

ಗಂಡು ಕುದುರೆ ಮೂಲೆಯ ಕಡ್ಡಿಗೆ ಬಾಲ ಸುತ್ತಿ ನಿಂತಿತ್ತು. ತಿಳಿಯಾಗಿದ್ದ ಮೈ ಮತ್ತೆ ಕಪ್ಪಿಟ್ಟಿತ್ತು. ಬರಿದಾದ ಹೆಣ್ಣು ಈಜುತ್ತ ಬಂದು ಅದರ ಪಕ್ಕದಲ್ಲೇ ನಿಂತಿತು.

ಚಾಚಿದ ಡ್ರಾಪರನ್ನು ಸೊಸೆ ಮುಟ್ಟಲಿಲ್ಲ.

"ಇಲ್ಲ ಮಾವ," ಎಂದಳು. "ನಾನು ತುಂಬಲ್ಲ."