ಒಳಕಲ್ಲಿನ ನೀರು ಸಿಕ್ಕವರು

ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಶಿವಗಂಗೆಗೆ ಹಿಂದಿನ ಸೀಟಿನಲ್ಲಿ ಕೂತು ಹೋದೆ. ಮುಂದೆ ಲಚ್ಚಿ. ಕಾರು ಓಡಿಸುತ್ತಿದ್ದವಳು ಹೇಮಶ್ರೀ. ನನ್ನ ಪಕ್ಕದಲ್ಲಿ ಹೇಮಶ್ರೀಯ ಬೆನ್ನಿಗೆ ಹಾಕುವ ಬ್ಯಾಗು, ಬೆಟ್ಟ ಹತ್ತಲಿಕ್ಕೆ ಅವಳು ತಂದ ಎರಡು ಮಡಚುವ ಕೋಲು, ಡಬ್ಬಿ ತುಂಬ ದ್ರಾಕ್ಷಿ ಗೋಡಂಬಿ. ನಾನೂ ಒಂದು ಲಗೇಜು ಅನ್ನಿ.

ಲಚ್ಚಿ ಅಂದರೆ ಚಿಕ್ಕಲಕ್ಷ್ಮಮ್ಮ. ಮಲ್ಲತ್ತಹಳ್ಳಿಯ ಹಳೇ ಊರಿನವಳು, ಈಗ ಅಲ್ಲೇ ಮೂರಂತಸ್ತಿನ ಮನೆಯ ಒಡತಿ. ನಾನು ಬಸವರಾಜೇಶ್ವರಿ, ಗಂಡನಿಗೆ ವರ್ಗವಾಗಿ ದಾವಣಗೆರೆಯಿಂದ ಬಂದವಳು, ಈಗ ವಿಜಯನಗರದ ವಾಸಿ. ಬಂದ ಹೊಸದರಲ್ಲಿ ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಬಾಡಿಗೆಗಿದ್ದೆವು. ಒಂದು ಬೆಳಿಗ್ಗೆ ವಾಕಿಂಗ್ ಹೋದಾಗ ನಾಯಿಯೊಂದು ನನ್ನ ಸೀರೆಯ ಅಂಚು ಕಚ್ಚಿ ಹಿಡಿಯಿತು. ಎಲ್ಲಿಂದಲೋ ಬಂದ ಇವಳು ಹಾಲಿನ ಕ್ಯಾನು ಬೀಸಿ ಅದನ್ನು ಓಡಿಸಿದಳು. "ಏನ್ರೀ ನೀವು, ನಾಯಿ ಮುಂದೆ ನಿಂತ್ಕೊಂಡು ಛೀ ಛೀ ಅಂದ್ರೆ ಹೋಗುತ್ತಾ ಅದು?" ಅಂತ ಆಮೇಲೆ ನನ್ನನ್ನೇ ಬೈದಳು. ಹೀಗೆ ಬೈದವಳನ್ನು ಬಿಡಲಿಕ್ಕಾಗುತ್ತದೆಯೇ?

ಆ ವರ್ಷದಿಂದ ಪ್ರತಿ ಸಂಕ್ರಾಂತಿಯ ಹಿಂದಿನ ಭಾನುವಾರ ನಾವಿಬ್ಬರೇ ಶಿವಗಂಗೆ ಬೆಟ್ಟ ಹತ್ತುತ್ತೇವೆ. ಗೊರಗುಂಟೆಪಾಳ್ಯದಲ್ಲಿ ಬಸ್ಸು, ದಾಬಸ್‌ಪೇಟೆಯಲ್ಲಿ ಇಳಿದು ಇನ್ನೊಂದು. ಚಿತ್ರಾನ್ನ ನನ್ನದು, ಮಜ್ಜಿಗೆ ಅವಳದು. ಗಂಡಂದಿರಿಲ್ಲ, ಮಕ್ಕಳಿಲ್ಲ. ಅವಳನ್ನು ಲಚ್ಚಿ ಅಂತ ಕರೆಯುವವಳು ಈ ಭೂಮಿಯ ಮೇಲೆ ನಾನೊಬ್ಬಳೇ.

ನಾನೊಬ್ಬಳೇ ಆಗಿದ್ದೆ, ಅನ್ನಬೇಕು.

"ಲಚ್ಚಿ ಆಂಟಿ, ಗಾಳಿ ಜಾಸ್ತಿ ಆಯ್ತಾ? ಕಿಟಕಿ ಏರಿಸ್ಲಾ?" ನೆಲಮಂಗಲ ದಾಟುವಾಗ ಹೇಮಶ್ರೀ ಕೇಳಿದಳು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಲಚ್ಚಿ ಆಂಟಿಯಂತೆ! ಯಾರು ಕೊಟ್ಟರು ಇವಳಿಗೆ ಆ ಹೆಸರು? ನಾನಂತೂ ಕೊಟ್ಟಿಲ್ಲ.

ಹೇಮಶ್ರೀ ಲಚ್ಚಿಯ ಮಹಡಿ ಮನೆಗೆ ಬಾಡಿಗೆಗೆ ಬಂದು ಎಂಟು ತಿಂಗಳಾಯಿತು. ಮೂವತ್ತಮೂರೋ ಮೂವತ್ನಾಲ್ಕೋ ವಯಸ್ಸು, ವಾರ ಬಿಟ್ಟು ವಾರ ಯಾವುದಾದರೂ ಬೆಟ್ಟ ಹತ್ತುವ ಹುಚ್ಚು. ಎಷ್ಟು ಹೆಜ್ಜೆ ಇಟ್ಟಳು, ಎಷ್ಟು ಎತ್ತರ ಏರಿದಳು ಎಲ್ಲವನ್ನೂ ಅವಳ ಫೋನು ಹೇಳುತ್ತದೆ. ಕೆಟ್ಟವಳಲ್ಲ, ಅದೇ ತೊಂದರೆ. ಕೆಟ್ಟವಳಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು.

"ಫೆಬ್ರವರೀಲಿ ಕುಮಾರಪರ್ವತ ಪ್ಲ್ಯಾನ್ ಇದೆ ಆಂಟಿ," ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಅಂದಳು. "ಎರಡು ದಿನದ ಟ್ರೆಕ್. ಲಚ್ಚಿ ಆಂಟೀನೂ ಬರ್ತಿದಾರೆ."

"ಹೌದಾ? ನಂಗೆ ಗೊತ್ತೇ ಇರ್ಲಿಲ್ಲ," ಅಂದೆ, ಆದಷ್ಟು ಮೆತ್ತಗೆ.

"ಇನ್ನೂ ಗ್ಯಾರಂಟಿ ಇಲ್ಲ ಕಣೇ," ಅಂದಳು ಲಚ್ಚಿ, ಹಿಂದಕ್ಕೆ ತಿರುಗದೆ. ಕಾಲಲ್ಲಿದ್ದ ಶೂಸು ಮಾತ್ರ ಹೊಚ್ಚ ಹೊಸದು, ಹೇಮಶ್ರೀಯದರಂಥದ್ದೇ, ಬೂದು ಬಣ್ಣಕ್ಕೆ ಕಿತ್ತಳೆ ದಾರ. ನನಗೆ ಮಂಡಿನೋವು. ಕುಮಾರಪರ್ವತ ನನ್ನಿಂದ ಆಗದು ಅಂತ ಇಬ್ಬರಿಗೂ ಗೊತ್ತು. ಈ ಒಂದು ಬೆಟ್ಟ, ವರ್ಷಕ್ಕೆ ಒಂದು ದಿನ, ಲಚ್ಚಿ ಪೂರ್ತಿ ನನ್ನವಳಾಗಿರುತ್ತಿದ್ದಳು. ಅದೂ ಕೈಬಿಡುತ್ತಿದೆ ಅಂತ ನನಗೆ ಕಾರಿನಲ್ಲೇ ಅನ್ನಿಸಿತು.

ಬೆಟ್ಟದಲ್ಲಿ ಕಥೆ ಹೇಳುವವಳು ನಾನು. ಲಚ್ಚಿ ಪ್ರತಿ ವರ್ಷ ಹೊಸದಾಗಿ ಕೇಳುವವಳ ಹಾಗೆ "ಆಮೇಲೆ?" ಅನ್ನುತ್ತಾಳೆ. ಗಂಗಾಧರೇಶ್ವರನ ಗುಡಿಯಲ್ಲಿ ಕೈಮುಗಿದು ಶುರು ಮಾಡಿದೆ. "ಇಲ್ಲಿ ಲಿಂಗಕ್ಕೆ ತುಪ್ಪ ಸವರಿದ್ರೆ..."

"ಬೆಣ್ಣೆ ಆಗುತ್ತೆ! ವೀಡಿಯೋ ನೋಡಿದೀನಿ ಆಂಟಿ," ಅಂದಳು ಹೇಮಶ್ರೀ. ಮಿಕ್ಕ ಕಥೆಯನ್ನೂ ಅವಳೇ ಹೇಳಿ ಮುಗಿಸಿದಳು, ನನಗಿಂತ ಚುರುಕಾಗಿ. ಲಚ್ಚಿ ಅವಳಿಗೂ "ಆಮೇಲೆ?" ಅಂದಳು.

ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ಕೋತಿಗಳು ಕೂತಿದ್ದವು. ಸ್ವಾಮಿ, ಒಂದಾದರೂ ಹಾರಿ ಇವಳ ಕೋಲು ಕಿತ್ತುಕೊಂಡು ಹೋಗಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಹಾರಿತು. ನನ್ನ ಚಿತ್ರಾನ್ನದ ಚೀಲ ಕಿತ್ತುಕೊಂಡು ಹೋಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಲಚ್ಚಿಗೆ ಇಷ್ಟ ಅಂತ ಕಡ್ಲೆಬೀಜ ಜಾಸ್ತಿ ಹಾಕಿ ಕಲಸಿದ್ದೆ. ಅದು ನನ್ನ ಕಣ್ಣೆದುರೇ ಡಬ್ಬಿ ಬಿಚ್ಚಿ ಕಡ್ಲೆಬೀಜ ಆರಿಸಿ ತಿಂದಿತು.

"ಹೋಗ್ಲಿ ಬಿಡೇ, ಹೇಮಾ ಹತ್ರ ಬೇಕಾದಷ್ಟಿದೆ," ಅಂದಳು ಲಚ್ಚಿ.

ಹೇಮಾ! ನಾನು ಹಲ್ಲು ಕಚ್ಚಿಕೊಂಡು ಗೋಡಂಬಿ ತಿಂದೆ.

ಅರ್ಧ ಬೆಟ್ಟಕ್ಕೆ ಬಂದರೆ ಒಳಕಲ್ಲು ತೀರ್ಥ. ಬಂಡೆಯೊಳಗೆ ಒರಳಿನ ಹಾಗೆ ಒಂದು ಗುಂಡಿ, ಅದರ ಆಳದಲ್ಲಿ ನೀರು. ಬಗ್ಗಿ ಕೈ ಹಾಕಬೇಕು. ಪುಣ್ಯ ಮಾಡಿದವರ ಕೈಗೆ ನೀರು ಸಿಗುತ್ತದೆ, ಪಾಪಿಗಳಿಗೆ ಸಿಗುವುದಿಲ್ಲ ಅನ್ನುತ್ತಾರೆ.

ಯಾರಿಗೂ ಹೇಳದ ಒಂದು ಮಾತು ಈಗ ಹೇಳುತ್ತೇನೆ. ಮೊದಲ ವರ್ಷ ಲಚ್ಚಿ ಮುಂಚೆ ಕೈ ಹಾಕಿ, "ಸಿಕ್ತು ಕಣ್ರೀ!" ಅಂದು ಕಣ್ಣಿಗೊತ್ತಿಕೊಂಡಳು. ಆಮೇಲೆ ನಾನು ಹಾಕಿದೆ. ಏನೂ ಇಲ್ಲ. ಬೆರಳಿಗೆ ಒಣ ಕಲ್ಲು. ನಿನ್ನೆ ಮೊನ್ನೆ ಗುರುತಾದವಳ ಎದುರು ಪಾಪಿ ಅನ್ನಿಸಿಕೊಳ್ಳಲೇ? "ನಂಗೂ ಸಿಕ್ತು" ಅಂದೆ. ಮುಂದಿನ ವರ್ಷವೂ ಸಿಗಲಿಲ್ಲ, ಮತ್ತೆ ಸುಳ್ಳು ಹೇಳಿದೆ. ಹೀಗೇ ಹದಿನೇಳು ಸಲ. ಒಳಗೊಳಗೇ ಲಚ್ಚಿಯ ಪುಣ್ಯಕ್ಕೆ ಕರುಬಿದ್ದೂ ಇದೆ. ಇಷ್ಟು ಪುಣ್ಯವಂತೆ ನನ್ನ ಗೆಳತಿಯಲ್ಲವೇ ಅಂತ ಬೀಗಿದ್ದೂ ಇದೆ.

ಈ ಸಲ ಹೇಮಶ್ರೀ ಮುಂಚೆ ಬಗ್ಗಿದಳು. ಸ್ವಲ್ಪ ಹೊತ್ತು ತಡಕಾಡಿ ಕೈ ಹೊರಗೆ ತೆಗೆದು ಜೋರಾಗಿ ನಕ್ಕಳು. "ಸಿಗ್ಲಿಲ್ಲ ಆಂಟಿ! ಪಾಪಿ ನಾನು, ಕನ್‌ಫರ್ಮ್!"

ಲಚ್ಚಿಯೂ ನಕ್ಕಳು. ನಗುತ್ತ ನಗುತ್ತ ಅಂದಳು, "ಬೇಜಾರ್ ಮಾಡ್ಕೋಬೇಡಮ್ಮಾ. ನಂಗೂ ಯಾವತ್ತೂ ಸಿಕ್ಕಿಲ್ಲ."

ನನಗೆ ಕಿವಿ ಗುಂಯ್ ಅಂದಿತು.

"ನಿಜವಾಗ್ಲೂನಾ?" ಹೇಮಶ್ರೀ ಕೇಳಿದಳು.

"ಆಣೆ ಕಣಮ್ಮಾ. ಮೊದಲನೇ ಸಲ ಇವ್ಳ ಜೊತೆ ಬಂದಾಗ ನಾಚಿಕೆ ಆಯ್ತು. ಓದ್ದೋರು, ಆಫೀಸರ್ ಹೆಂಡ್ತಿ, ಏನಂದ್ಕೊಳ್ತಾರೋ ಅಂತ ಸಿಕ್ತು ಅಂದ್ಬಿಟ್ಟೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

ಸುಳ್ಳು ಹೇಳಿದಳೆಂದು ನನಗೆ ಸಿಟ್ಟಿಲ್ಲ. ಸುಳ್ಳಿಗೆ ನಾನೇನು ಕಡಿಮೆಯೇ? ಆದರೆ ಹದಿನೆಂಟು ವರ್ಷ ನನ್ನ ಹತ್ತಿರ ಬಚ್ಚಿಟ್ಟದ್ದನ್ನು ಎಂಟು ತಿಂಗಳ ಬಾಡಿಗೆಯವಳಿಗೆ ಒಂದು ನಗುವಿನಲ್ಲಿ ಕೊಟ್ಟುಬಿಟ್ಟಳಲ್ಲ! ಅವಳ ಮಗಳ ಮದುವೆ ಮುರಿದಾಗ ನನ್ನ ಹೆಗಲ ಮೇಲೆ ಅತ್ತವಳು, ನನ್ನ ಆಪರೇಷನ್ನಿಗೆ ಮೂರು ದಿನ ಆಸ್ಪತ್ರೆಯಲ್ಲಿ ಕೂತವಳು. ಆ ಹೊಟ್ಟೆಕಿಚ್ಚಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

"ಬಸವರಾಜೇಶ್ವರಿ ಆಂಟಿ, ನಿಮ್ಗೆ?" ಅಂತ ಹೇಮಶ್ರೀ ಕೇಳಿದಳು.

"ಅವಳಿಗೆ ಪ್ರತಿ ವರ್ಷ ಸಿಗುತ್ತೆ," ಅಂದಳು ಲಚ್ಚಿ. ಕುಹಕವಿರಲಿಲ್ಲ. "ಪುಣ್ಯವಂತೆ ಇವ್ಳು."

ಮುಖ ಮರೆಸಲಿಕ್ಕೆ ಬೇರೆ ದಾರಿಯಿಲ್ಲದೆ ಬಗ್ಗಿದೆ. ಇಷ್ಟು ವರ್ಷ ಸೀರೆ ಕೊಳೆಯಾಗುತ್ತದೆಂದು ಅರೆಮನಸ್ಸಿನಿಂದ ಕೈ ಹಾಕುತ್ತಿದ್ದೆನೋ ಏನೋ. ಇವತ್ತು ಆ ರೋಷದಲ್ಲಿ ಕೆನ್ನೆ ಬಂಡೆಗೆ ತಾಗುವವರೆಗೆ, ಭುಜ ಕಲ್ಲಿಗೆ ಒತ್ತುವವರೆಗೆ, ಸ್ವೆಟರಿನ ತೋಳನ್ನೂ ಏರಿಸದೆ ಕೈ ತುರುಕಿದೆ. ತಣ್ಣಗೆ ಏನೋ ಸೋಕಿತು. ಇನ್ನೂ ಒತ್ತಿದೆ. ಮಣಿಕಟ್ಟಿನವರೆಗೂ ನೀರು.

ಒಂದು ಕ್ಷಣ ಹಾಗೇ ಇದ್ದೆ. ಎಂಥ ತಂಪು! ಹದಿನೆಂಟು ವರ್ಷಕ್ಕೆ ಒಲಿದಿದ್ದಾಳೆ ತಾಯಿ, ಒಲಿದದ್ದಾದರೂ ಎಂಥ ಹೊತ್ತಿನಲ್ಲಿ!

"ಸಿಕ್ತಾ?" ಲಚ್ಚಿ ಕೇಳಿದಳು.

ತಲೆಯೆತ್ತಿದೆ. ಅವರಿಬ್ಬರೂ ಭುಜಕ್ಕೆ ಭುಜ ತಾಗಿಸಿ ಗೋಡೆಗೊರಗಿ ನಿಂತಿದ್ದರು, ಒಂದೇ ಬಣ್ಣದ ಶೂಸು, ಒಂದೇ ಥರದ ಒಣ ಕೈ. ಹೂಂ ಅಂದರೆ ಪುಣ್ಯವಂತೆ ನಾನು, ಈಚೆ ಒಬ್ಬಳೇ. ಆ ಪುಣ್ಯ ಕಟ್ಟಿಕೊಂಡು ಏನು ಮಾಡಲಿ?

"ಇಲ್ಲ," ಅಂದೆ, ಕೈಯನ್ನು ಸೆರಗಿನಡಿ ಸರಿಸುತ್ತ. "ನಂಗೂ ಸಿಗ್ಲಿಲ್ಲ. ನಂಗೂ ಯಾವತ್ತೂ ಸಿಕ್ಕಿಲ್ಲ ಕಣೇ."

ಲಚ್ಚಿ ಬಾಯಿ ಬಿಟ್ಟುಕೊಂಡು ನೋಡಿದಳು. "ಅಯ್ಯೋ ಕಳ್ಳಿ!" ಅಂದಳು. ಹೇಮಶ್ರೀ ಬಿದ್ದು ಬಿದ್ದು ನಕ್ಕಳು. ನಾನೂ ನಗಬೇಕಾಯಿತು.

ಅಲ್ಲಿಂದ ಮೇಲೆ ಮೆಟ್ಟಿಲು ಕಡಿದು, ಪಕ್ಕಕ್ಕೆ ಕಬ್ಬಿಣದ ಕಂಬಿ. ಹೇಮಶ್ರೀ ಕೋಲು ಊರುತ್ತ ಮುಂದೆ ಹೋದಳು. ನನ್ನ ಮಂಡಿ ಹಿಡಿದುಕೊಂಡಿತು. ಎರಡು ಮೆಟ್ಟಿಲು ಮೇಲಿದ್ದ ಲಚ್ಚಿ ಪ್ರತಿ ವರ್ಷದ ಹಾಗೆ ತಿರುಗಿ ಕೈ ಚಾಚಿದಳು. ಯೋಚನೆಯಿಲ್ಲದೆ ಬಲಗೈ ಕೊಟ್ಟೆ.

ಅವಳು ನಿಂತುಬಿಟ್ಟಳು. ನನ್ನ ಬೆರಳು, ಆಮೇಲೆ ಸ್ವೆಟರಿನ ತೋಳು ಹಿಂಡಿ ನೋಡಿದಳು. ಎರಡು ಹನಿ ಮೆಟ್ಟಿಲ ಮೇಲೆ ಬಿತ್ತು.

"ಇದೇನೇ?"

"ಬೆವರು."

"ಜನವರೀಲಿ?" ಅಂದವಳು ನನ್ನ ಮುಖವನ್ನೇ ನೋಡಿದಳು. "ಸಿಕ್ತು ಅಲ್ವಾ ನಿಂಗೆ? ಮತ್ಯಾಕೇ ಇಲ್ಲ ಅಂದೆ?"

"ನೀವಿಬ್ರೂ ಒಂದ್ಕಡೆ ಆಗ್ಬಿಟ್ರಿ." ಅಂದೆ. "ನಂಗೆ ಹೇಳ್ದೇ ಇರೋದನ್ನ ಅವಳಿಗೆ ಹೇಳ್ದೆ. ಹೊಟ್ಟೆ ಉರೀತು ಕಣೇ ಲಚ್ಚಿ, ಏನ್ ಮಾಡ್ಲಿ?"

ಲಚ್ಚಿ ನನ್ನ ಒದ್ದೆ ತೋಳನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು, ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ. ಅವಳ ರೆಪ್ಪೆ ಒದ್ದೆಯಾಯಿತು.

"ಲಚ್ಚಿ ಆಂಟೀ, ಏನಾಯ್ತು?" ಮೇಲಿನಿಂದ ಹೇಮಶ್ರೀ ಕೂಗಿದಳು.

"ಅವಳಿಗೆ ಹೇಳ್ಬೇಡ," ಅಂದೆ ನಾನು.

"ಹೇಳಲ್ಲ," ಅಂದಳು ಲಚ್ಚಿ. ನನ್ನ ಕೈ ಬಿಡದೆ ಮೇಲಕ್ಕೆ ಮುಖ ಮಾಡಿ ಕೂಗಿದಳು, "ಏನಿಲ್ಲಮ್ಮಾ, ನೀನು ನಡಿ. ನಾವು ಬರ್ತೀವಿ."