ಟಿಕ್ಲಿ ಅಂಟಿಸಿದ ಕೀ

ಟಕ್. ಮತ್ತೆ ಟಕ್. ಒತ್ತಬೇಡಿ ಅಪ್ಪ, ಇನ್ನೂ ಸರಿಯಾಗಿಲ್ಲ, ಸರಿಯಾದರೆ ನಾನೇ ಹೇಳುತ್ತೇನಲ್ಲ — ಕೇಳುವವರಾ ಇವರು, ಮಲಗಿದಲ್ಲೇ ಕೀಬೋರ್ಡನ್ನು ಪಕ್ಕಕ್ಕೆ ಎಳೆದುಕೊಂಡು ಕೆಂಪು ಟಿಕ್ಲಿಯ ಮೇಲೆ ಬೆರಳಿಟ್ಟು ಟಕ್ ಟಕ್, ನನ್ನ ಹಣೆಗೆಂದು ತಂದ ಪ್ಯಾಕೆಟ್ಟಿನಿಂದಲೇ ಕಿತ್ತು ಅಂಟಿಸಿದ್ದು, ಹಸಿರು ನೀರಿಗೆ, ಹಳದಿ ಚಹಾಕ್ಕೆ, ಕೆಂಪು ನನ್ನನ್ನು ಕರೆಯುವುದಕ್ಕೆ, ಒತ್ತಿದ ಕೂಡಲೇ ಕಂಪ್ಯೂಟರಿನಿಂದ ಅಪ್ಪನದೇ ದನಿ, ದನಿ ಕಳೆದ ಗಂಟಲಿನ ಆಪರೇಷನ್ನಿಗೆ ಮೊದಲು ಮೊಬೈಲಿನಲ್ಲಿ ಹಿಡಿದಿಟ್ಟದ್ದು — ಈಗ ಮಣ್ಣಂಗಟ್ಟಿ. ಅಪ್‌ಗ್ರೇಡ್ ಮಾಡಿ ಅಂತ ಪರದೆಯ ಮೂಲೆಯಲ್ಲಿ ದಿನಾ ಬರುತ್ತಿತ್ತು, ದಿನಾ ಮುಚ್ಚುತ್ತಿದ್ದೆ, ಇವತ್ತು ಭಾನುವಾರ ಅಲ್ಲವಾ ಆಗಿಬಿಡಲಿ ಅಂತ ಒಪ್ಪಿದೆ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ, ಈಗ ನೋಡು, ಸೆಟ್ಟಿಂಗ್ಸ್, ಕೀಬೋರ್ಡ್, ಶಾರ್ಟ್‌ಕಟ್ಸ್, ನಾನು ಮಾಡಿಟ್ಟದ್ದೆಲ್ಲ ಇಲ್ಲೇ ಇತ್ತು, ಈಗ ಖಾಲಿ, ಗುಡಿಸಿ ಒರೆಸಿಟ್ಟ ಹಾಗೆ ಖಾಲಿ. ಕೊಡಿ ಅಪ್ಪ ಕೀಬೋರ್ಡು, ಹೊಸದಾಗಿ ಹಾಕುತ್ತೇನೆ. ಕಿತ್ತುಕೊಂಡೆ, ಆದರೂ ಆ ಬೆರಳು ನಿಲ್ಲುವುದಿಲ್ಲ, ಹಾಸಿಗೆಯ ಬಟ್ಟೆಯನ್ನೇ ಒತ್ತುತ್ತಿದೆ, ನನಗೆ ತಲೆ ಕೆಡುತ್ತದೆ.

ತಮ್ಮ ಸುಕೇಶನಿಗೆ ಫೋನು, ಈ ಸಿಸ್ಟಮ್ ಹಾಕಿಕೊಟ್ಟವನು ಅವನೇ, ಫ್ರೀ ಅಕ್ಕಾ, ವೈರಸ್ ಇಲ್ಲ ಅಂತ ಕುಣಿದಿದ್ದ, ಈಗ ಏನು ಹೇಳುತ್ತಾನೆ, ರೀಸ್ಟಾರ್ಟ್ ಮಾಡಿದ್ಯಾ ಅಕ್ಕ? ಮಾಡಿದೆ ಮಾರಾಯ. ಔರ್ ಏಕ್ ಬಾರ್ ಕರ್ ನಾ. ಇನ್ನೊಂದು ಸಲವಂತೆ, ನಿನ್ನ ತಲೆ! ಇಟ್ಟೆ ಫೋನು. ಒಂದೊಂದೇ ಬರೆದೆ, ಹೆಸರು, ಆಜ್ಞೆ, ಕೀ, ಕೆಂಪು ಟಿಕ್ಲಿಯ ಕೀ ಒತ್ತಿದರೆ ಇದು ಬೇರೆ ಕೆಲಸಕ್ಕೆ ಮೀಸಲು, ಬದಲಿಸಲೇ ಅನ್ನುತ್ತದೆ, ಬದಲಿಸು ಮಹಾರಾಯ, ಯಾರನ್ನು ಕೇಳಿ ಮೀಸಲಿಟ್ಟೆ, ಇದು ನನ್ನಪ್ಪನ ಕೀ. ಬದಲಾಯಿತು, ಪಟ್ಟಿಯಲ್ಲಿ ಬಂತು, ಒತ್ತಿದೆ, ಸದ್ದಿಲ್ಲ. ಇವತ್ತಿಗೆ ನನ್ನ ರಜೆ ಮುಗಿಯಿತು, ನಾಳೆ ಅಂಧೇರಿಯ ಆಫೀಸಿಗೆ ಹೋಗಲೇಬೇಕು, ಇನ್ನೊಂದು ರಜೆ ಕೇಳಿದರೆ ಮನೆಯಲ್ಲೇ ಇದ್ದುಬಿಡಿ ಅಂದಾರು, ಸೊಂಟ ಮುರಿದು ಮಲಗಿದ ಇವರನ್ನು ಈ ಕೀ ನಂಬಿ ತಾನೇ ಬಿಟ್ಟುಹೋಗುವುದು, ಕೆಂಪು ಒತ್ತಿದರೆ ವಿನೂ ಅಂತ ನನ್ನನ್ನು ಕರೆಯುವ ದನಿ ಪಕ್ಕದ ಖೋಲಿಯ ಮಲ್ಲಕ್ಕನಿಗೆ ಗೋಡೆ ದಾಟಿ ಕೇಳಬೇಕು, ಆಕೆ ಓಡಿ ಬರಬೇಕು, ನನ ಹೆಸರು ವಿನೂ ಅಲ್ಲದಿದ್ರೂ ಓಡಿ ಬರ್ತೀನಲ್ಲವ್ವಾ ಅಂತ ನಗುತ್ತಾರೆ, ಕಲಬುರ್ಗಿ ಕಡೆಯವರು. ಗಂಟಿ ಇಟ್ಟುಬಿಡವ್ವಾ ಅಂದವರೂ ಅವರೇ, ಗಂಟೆ ತಂದು ಇಟ್ಟಿದ್ದೆ, ಅಪ್ಪ ಅದನ್ನು ಬಾಗಿಲಿಗೆ ಎಸೆದರು, ಎಸೆಯದೆ ಇನ್ನೇನು, ಅಪ್ಪ ಆರ್ಡರ್ ಕೂಗುತ್ತಿದ್ದ ದಾದರಿನ ಹೋಟೆಲಿನಲ್ಲಿ ಕಾಂತಪ್ಪಣ್ಣ ಅಂದರೆ ದನಿ, ಹೊರಗೆ ನಿಂತು ಎರಡಿಡ್ಲಿ ಒಂದು ಸಾದಾ ಅಂದರೆ ಒಳಗೆ ಭಟ್ಟರ ಕಾವಲಿಗೆ ತಲುಪಬೇಕು, ತಲುಪುತ್ತಿತ್ತು. ರೆಕಾರ್ಡ್ ಮಾಡುವಾಗಲೂ ಹಾಗೇ, ಮೆಲ್ಲ ಹೇಳಿ ಅಪ್ಪ, ವಿನೂ ಬಾ ಅನ್ನಿ ಸಾಕು ಅಂದರೆ, ವಿನೂ, ಒಂದು ಅರ್ಜೆಂಟ್! ಹಸಿರಿಗೆ, ಒಂದು ನೀರ್! ಹಳದಿಗೆ, ಒಂದು ಚಾ, ಸಕ್ರೆ ಕಮ್ಮಿ! ಅಳಬೇಕಾದ ದಿನ ನಾವಿಬ್ಬರೂ ನಕ್ಕಿದ್ದೆವು.

ಮತ್ತೆ ಒತ್ತಿದೆ, ಸದ್ದಿಲ್ಲ, ಫೈಲು ಇದೆ, ಕೀ ಇದೆ, ಹಾಗಾದರೆ ಎಲ್ಲಿ ಸತ್ತಿತು — ಅದೇ ಆಜ್ಞೆಯನ್ನು ಟರ್ಮಿನಲ್ಲಿನ ಕಪ್ಪು ಕಿಟಕಿಯಲ್ಲಿ ಕೈಯಾರೆ ಬರೆದು ನೋಡಿದೆ, ಅಂಥ ಪ್ರೋಗ್ರಾಮೇ ಇಲ್ಲ ಅಂತ ಬಂತು, ಅಯ್ಯೋ ಶನಿಯೇ, ದನಿ ನುಡಿಸುತ್ತಿದ್ದ ಹಳೆಯ ಪ್ಲೇಯರನ್ನೇ ಅಪ್‌ಗ್ರೇಡು ಕಿತ್ತುಹಾಕಿದೆ, ಹೊರಗೆ ಆರ್ಡರ್ ಕೂಗಿ ಕೂಗಿ ಸಾಯುವುದು, ಒಳಗೆ ಭಟ್ಟರೇ ಇಲ್ಲ. ಬಾಗಿಲಲ್ಲಿ ಮಲ್ಲಕ್ಕ, ಯಾಕವ್ವಾ, ಮುಂಜಾನಿಂದ ಅಪ್ಪಾರ ದನೀನ ಇಲ್ಲ, ಮಕ್ಕೊಂಡಾರೇನೋ ಅಂತ ನಾ ಸುಮ್ಮ ಕುಂತೆ — ಮಲಗಿರಲಿಲ್ಲ ಮಲ್ಲಕ್ಕ, ನಾನು ಹಾಲಿಗೆ ಕೆಳಗೆ ಇಳಿದಿದ್ದೆ, ಹತ್ತಿ ಬರುವಾಗ ಇವರು ಒತ್ತುತ್ತಲೇ ಇದ್ದರು, ಟಕ್ ಟಕ್ ಟಕ್, ಹಾಸಿಗೆ ಒದ್ದೆ, ನಾನು ಬಟ್ಟೆ ಬದಲಿಸುವಷ್ಟು ಹೊತ್ತೂ ಮುಖ ಗೋಡೆಗೆ. ಅಪ್ಪನ ಎದುರು ಅದೆಲ್ಲ ಬಾಯಿಗೆ ಬಾರದು, ಕಂಪ್ಯೂಟರು ಕೆಟ್ಟಿದೆ ಅಂದೆ ಅಷ್ಟೆ. ಹೊಸ ಪ್ಲೇಯರಿನ ಹೆಸರು ಹಾಕಿದೆ, ಇವರಿಗೆ ಸುಮ್ಮನೆ ಆಸೆ ಹುಟ್ಟಿಸಬಾರದು ಅಂತ ಇಯರ್‌ಫೋನ್ ಸಿಕ್ಕಿಸಿ ಒತ್ತಿದೆ — ವಿನೂ, ಒಂದು ಅರ್ಜೆಂಟ್! ಕಿವಿ ಹರಿಯುವ ಹಾಗೆ, ಅದೇ ಗಂಟಲು, ನನಗೆ ಅಳು ಬಂತು, ಸಿಟ್ಟೂ ಬಂತು, ಎಳೆದು ತೆಗೆದೆ ವಯರು. ಆಯಿತು ಅಪ್ಪ, ಸರಿಯಾಯಿತು, ತಕ್ಕೊಳ್ಳಿ ನಿಮ್ಮ ಕೀಬೋರ್ಡು, ಒತ್ತಿ. ಒತ್ರಿ ಅಪ್ಪಾರ, ನಾ ಗ್ವಾಡಿಗೆ ಕಿವಿ ಹಚ್ಚಿ ಕುಂದರ್ತೀನಿ, ಮಲ್ಲಕ್ಕ ಹೋದರು, ಆಚೆ ಬಳೆ ಸದ್ದು, ಆಮೇಲೆ ಅದೂ ಇಲ್ಲ, ಕಾಯುತ್ತಿದ್ದಾರೆ. ಒತ್ತಿ ಅಪ್ಪ. ಬೆರಳು ಎದ್ದಿತು, ಕೆಂಪು ಟಿಕ್ಲಿಯ ಹತ್ತಿರ ಬಂತು, ನಿಂತಿತು. ಇಷ್ಟು ಹೊತ್ತು ಬೇಡ ಬೇಡ ಅಂದರೂ ಒತ್ತಿದವರು. ಈಗ ಬರುತ್ತದೆ ಅಪ್ಪ, ನಾನು ಕೇಳಿದೆ, ನನ್ನಾಣೆ. ನನ್ನನ್ನು ನೋಡುತ್ತಾರೆ, ಟಿಕ್ಲಿಯನ್ನು ನೋಡುತ್ತಾರೆ, ಮುಂಜಾನೆ ಅಷ್ಟು ಸಲ ಒತ್ತಿದರೂ ಯಾರನ್ನೂ ಕರೆಯದ ಟಿಕ್ಲಿ. ಬೆರಳು ಇಳಿಯುವುದಿಲ್ಲ. ಒತ್ತಿ. ಕೆಂಪು ಟಿಕ್ಲಿ, ಅದರ ಮೇಲೆ ಬೆರಳು, ತಾಗಿಲ್ಲ, ಇನ್ನೂ ತಾಗಿಲ್ಲ