ಸುಣ್ಣ ಆರಲಿ ಅಂತ

ಹಸಿ ಸುಣ್ಣದ ವಾಸನೆ ಇನ್ನೂ ಹೋಗಿಲ್ಲ — ಇಸಕ್ಕಿಯಮ್ಮನಾಣೆ, ಇದು ನಡೆದದ್ದೇ, ನಾನು ಗೋಡೆಗೆ ಬರೆದ ಬಾಳೆಎಲೆಯನ್ನು ಮೇಕೆ ನೆಕ್ಕಿ ನಾಲಗೆ ಹಸಿರು ಮಾಡಿಕೊಂಡಿತು ಅಂತಿದ್ದೆನಲ್ಲ, ಬೇಕಾದರೆ ಅದು ಸುಳ್ಳಾಗಲಿ, ಇದು ಸುಳ್ಳಲ್ಲ — ನನ್ನ ಹೆತ್ತಮ್ಮನ ಬಲಗಣ್ಣು ಗೋಡೆಯಿಂದ ನೋಡುತ್ತಿದೆ, ಎಡಗಣ್ಣಿನ ಜಾಗದಲ್ಲಿ ಬರೀ ಬಿಳಿ, ಕುಂಚ ಮುಂದೆ ಹೋಗುತ್ತಿಲ್ಲ. ಮಂಗಳವಾರ ಎದ್ದಾಗ ಅಮ್ಮನ ಚಾಪೆ ಖಾಲಿ, ಮರೆವಿನ ಮುದುಕಿ ಎಲ್ಲಿಗೋ ಎದ್ದುಹೋಗಿದ್ದಾಳೆ, ಅಕ್ಕ ತಾಮ್ರಪರ್ಣಿ ಹೊಳೆಯ ಮೆಟ್ಟಿಲು, ಗುಡಿ, ಬಸ್ ನಿಲ್ದಾಣ ಎಲ್ಲ ಸುತ್ತಿ ಬಂದು ಕುಸಿದು ಕೂತಳು, ಏಲೇ ತಮ್ಮಾ ಸುಡಲೈ, ಆಟೋಗೆ ಮೈಕ್ ಕಟ್ಟಿಸೋ, ಊರೆಲ್ಲ ಕೂಗ್ಲಿ. ಇದು ಆಡಿ ತಿಂಗಳು ಅಕ್ಕಾ, ಅಂದೆ, ಆಷಾಢದ ಮಾರಾಟ, ಆಟೋಗಳೆಲ್ಲ ಸೀರೆ ರಿಯಾಯಿತಿ ಕೂಗ್ತಾವೆ, ನಮ್ಮಮ್ಮನ್ನ ಯಾರು ಕೇಳ್ತಾರೆ, ಮೈಕಿನ ಮಾತು ಬೀದಿ ತಿರುವಲ್ಲೇ ಸಾಯ್ತದೆ, ಪೋಸ್ಟರು ದನದ ಹೊಟ್ಟೆಗೆ, ಗೋಡೆ ನೋಡು, ಎರಡು ಮಳೆಗಾಲ ನಿಲ್ತದೆ. ಎರಡು ಮಳೆಗಾಲ ಹುಡುಕ್ತೀಯೇನ್ಲೇ, ಅಂದಳು. ಆಗ ಕಿವಿಗೆ ಇಳಿಯಲಿಲ್ಲ — ಮೂರು ದಿನದ ಮಾರಾಟಕ್ಕೆ ಗೋಡೆ ಬರೆಸಬೇಡಿ ಅಣ್ಣಾಚಿ, ಮೈಕ್ ಕಟ್ಟಿಸಿ, ಗೋಡೆ ಏನಿದ್ರೂ ಸಿಮೆಂಟಿಗೆ, ಗೊಬ್ಬರಕ್ಕೆ, ಅಂತ ಅಂಗಡಿಯವರಿಗೆಲ್ಲ ಬುದ್ಧಿ ಹೇಳುವವನು ಗೋಡೆ ಜಾಹೀರಾತು ಬರೆಯುವ ನಾನೇ, ಆದರೆ ಅಮ್ಮನ ಮುಖ, ನನ್ನ ಕೈ, ಊರು ನಿಂತು ನೋಡಬೇಕು ಅನ್ನುವ ಚಪಲ, ಮಂಗಳವಾರ ಒಂದು ಸಲ ಸುಣ್ಣ ಬಳಿದೆ, ಬುಧವಾರ ಇನ್ನೊಂದು ಸಲ, ಗುರುವಾರ ಆರಲಿ ಅಂತ ಬೀಡಿ ಸೇದುತ್ತ ಕೂತೆ, ಇವತ್ತು ಮೂಗು, ಬಾಯಿ, ಬಲಗಣ್ಣು — ಆಗಲೇ ರೈಲು ಗೇಟಿನ ಟೀ ಅಂಗಡಿ ಮಾಡಸಾಮಿ ಸೈಕಲ್ಲಿನಿಂದ ಕಾಲೂರಿದ್ದು. ಅಯ್ಯೋ, ಈ ಅಜ್ಜಿಯಾ, ಮೂರು ದಿನ ನನ್ನ ಬೆಂಚಲ್ಲೇ ಇದ್ಲಲ್ಲೋ, ಬನ್ನು ಅದ್ದಿ ತಿಂತಿದ್ಲು, ಯಾರ ಮನೆಯವ್ವಾ ಅಂದ್ರೆ, ಮಗ ಬರ್ತಾನೆ, ಸುಣ್ಣ ಆರಲಿ ಅಂತ ಕಾಯ್ತಿದಾನೆ, ಅಂತಿದ್ಲು, ನಾನು ನಕ್ಕುಬಿಟ್ಟೆ. ಸೀರೆ ಆಟೋ ಹತ್ತು ಸಲ ಬಂತಪ್ಪಾ, ಒಂದು ಸಲ ಈ ಸುದ್ದಿ ಕೂಗಿದ್ರೆ ಕೈಹಿಡಿದು ಕರ್ಕೊಂಡು ಬರ್ತಿದ್ದೆ, ನಿನ್ನೆ ಸಂಜೆ ಬಸ್ ಹತ್ತಿಬಿಟ್ಲು. ಯಾವ ಬಸ್ಸು. ನೋಡಲಿಲ್ಲಪ್ಪಾ, ಹಾಲು ಉಕ್ಕುತ್ತಿತ್ತು.

ಹಾಲು ಉಕ್ಕುತ್ತಿತ್ತು. ಸುಣ್ಣ ಆರುತ್ತಿತ್ತು. ಅಕ್ಕ ಈಗ ಯಾವುದೋ ಆಟೋದಲ್ಲಿ ಕೂತು ತಾನೇ ಕೂಗುತ್ತಿದ್ದಾಳೆ, ನೀಲಿ ಸೀರೆ, ಎಡಗೆನ್ನೆ ಮೇಲೆ ಮಚ್ಚೆ, ನೀಲಿ ಸೀರೆ — ತಿರುವಿನಲ್ಲಿ ಸತ್ತಿತು ದನಿ, ನಾನು ಹೇಳಿದಂತೆಯೇ. ಕುಂಚದ ಕಪ್ಪು ಗಟ್ಟಿಯಾಗುತ್ತಿದೆ. ಬಲಗಣ್ಣು ನೋಡುತ್ತಿದೆ, ಎಡಗಡೆ ಬಿಳಿ, ಆ ಬಿಳಿ, ಮತ್ತೆ ಆ ಬಿಳಿ — ಬರೆಯಲ್ಲ ಕಣಮ್ಮಾ, ಅರ್ಧ ಮುಖ ಇಟ್ಕೊಂಡು ಊರೆದುರು ನಿಲ್ಲೋಕೆ ನಿಂಗೆ ನಾಚಿಕೆ ಅಂತಾದ್ರೆ ನೀನೇ ಬಾ, ಬಂದು ಇಲ್ಲಿ ಕೂತ್ಕೋ, ಆ ಕಣ್ಣು ಆಮೇಲೆ ಬರೀತೀನಿ.